ಟೆಕ್ನಿಕಲ್ ಪುಸ್ತಕ, ನಮ್ಮ ಇಂಗ್ಲಿಷ್: ಕಾಪಿ ಎಡಿಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇಂಗ್ಲಿಷಿನಲ್ಲಿ ಟೆಕ್ನಿಕಲ್ ಪುಸ್ತಕ ಬರೆಯುತ್ತಿರುವವರು ಪ್ರಶ್ನೆ ಹಾಕಿ. ಎಡಿಟರ್ ಮೇಡಂ ಸಂಜೆವರೆಗೆ ಇರುತ್ತಾರೆ.

ಮಲ್ನಾಡ್ ಕೋಡರ್: ಮೇಡಂ ನಮಸ್ಕಾರ. ‘ಎ’, ‘ಆ್ಯನ್’, ‘ದಿ’ ಎಲ್ಲಿ ಹಾಕಬೇಕು ಅನ್ನೋದೇ ಗೊಂದಲ.

ಎಡಿಟರ್: ನಮಸ್ಕಾರ. ಯಾವುದರ ಮಾತು ಅಂತ ಓದುಗರಿಗೆ ಆಗಲೇ ಗೊತ್ತಿದ್ದರೆ ‘ದಿ’. ಎಣಿಸಬಹುದಾದ ಒಂದು ವಸ್ತುವನ್ನು ಮೊದಲ ಸಲ ಹೇಳುವಾಗ ‘ಎ’ ಅಥವಾ ‘ಆ್ಯನ್’. ‘ಸಾಫ್ಟ್‌ವೇರ್’, ‘ಇನ್ಫರ್ಮೇಶನ್’ ಎಣಿಸುವ ಪದಗಳಲ್ಲ. ಮುಂಚೆ ‘ಎ’ ಬೇಡ, ಕೊನೆಗೆ ‘ಎಸ್’ ಬೇಡ. ಇದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ, ಎಡಿಟರ್ ಸರಿಮಾಡುತ್ತಾರೆ.

ಪಂಪ್‌ಹೌಸ್: ಮೇಡಂ, ಪಂಪ್ ರಿಪೇರಿ ಬಗ್ಗೆ ಬರೆಯುತ್ತಿದ್ದೇನೆ. ಈ ವಾಕ್ಯ ಸರಿಯಿದೆಯಾ? ‘ಆಫ್ಟರ್ ಕ್ಲೋಸಿಂಗ್ ದ ವಾಲ್ವ್, ದ ಪ್ರೆಶರ್ ಮೇ ಬಿ ರಿಲೀಸ್ಡ್ ಅಂಡ್ ದ ಕೇಸಿಂಗ್ ಶುಡ್ ಬಿ ಓಪನ್ಡ್.’

ಎಡಿಟರ್: ಗ್ರಾಮರ್ ಹೆಚ್ಚುಕಮ್ಮಿ ಸರಿ, ಆದರೆ ಓದಿ ಭಯವಾಯಿತು. ನಮ್ಮ ಸರ್ಕಾರಿ ಪತ್ರಗಳಲ್ಲಿ ‘ಮೇ ಬಿ’ ಅಂದರೆ ‘ದಯವಿಟ್ಟು ಮಾಡಿ’ ಅಂತ. ವಿಯೆಟ್ನಾಂನ ಫಿಟರ್ ಅದನ್ನು ‘ಬೇಕಿದ್ದರೆ ಮಾಡಿ’ ಅಂತ ಓದುತ್ತಾನೆ. ಪ್ರೆಶರ್ ಇಳಿಸದೆ ಕೇಸಿಂಗ್, ಅಂದರೆ ಪಂಪಿನ ಹೊರಕವಚ, ಬಿಚ್ಚಿದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಇಂಟರ್ನೆಟ್ ಸ್ಟ್ಯಾಂಡರ್ಡ್ ಬರೆಯುವವರಿಗೂ ಇದೇ ತಲೆನೋವಿತ್ತು. ‘ಮಸ್ಟ್’, ‘ಶುಡ್’, ‘ಮೇ’ ಪದಗಳ ಅರ್ಥವನ್ನೇ 1997ರಲ್ಲಿ ಆರ್‌ಎಫ್‌ಸಿ 2119 ಅನ್ನೋ ದಾಖಲೆಯಲ್ಲಿ ಬರೆದಿಟ್ಟರು. ಅಲ್ಲಿ ‘ಮೇ’ ಅಂದರೆ ಮಾಡದಿದ್ದರೂ ನಡೆಯುತ್ತೆ.

ಇನ್ನೊಂದು, ಯಾವ ವಾಲ್ವ್? ನೀರು ಒಳಗೆಳೆಯುವ ಕಡೆಯ ಸಕ್ಷನ್ನಾ, ಹೊರಹಾಕುವ ಕಡೆಯ ಡಿಸ್ಚಾರ್ಜಾ? ಬೇರೆ ಅಧ್ಯಾಯದಲ್ಲಿ ಡಿಸ್ಚಾರ್ಜ್ ವಾಲ್ವನ್ನೇ ‘ಡೆಲಿವರಿ ವಾಲ್ವ್’, ‘ಔಟ್ಲೆಟ್ ವಾಲ್ವ್’ ಅಂದಿದ್ದರೆ ಒಂದೇ ಹೆಸರಿಗೆ ತನ್ನಿ. ಸ್ಕೂಲಲ್ಲಿ ಪದ ಬದಲಾಯಿಸಿ ಬರೆದರೆ ಮಾರ್ಕ್ಸ್ ಕೊಡುತ್ತಿದ್ದರು, ಇಲ್ಲಿ ಓದುಗ ಮೂರು ವಾಲ್ವ್ ಹುಡುಕುತ್ತಾನೆ. ವಿಮಾನ ರಿಪೇರಿಗೆ ಬಳಸುವ ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷಿನಲ್ಲಿ ಕೆಲಸ ಹೇಳುವ ವಾಕ್ಯಕ್ಕೆ 20 ಪದದ ಮಿತಿ, ವಿವರಣೆಗೆ 25. ನೀವೂ ಒಂದು ವಾಕ್ಯಕ್ಕೆ ಒಂದೇ ಕೆಲಸ ಕೊಟ್ಟು ಬಿಡಿಸಿ ಬರೆಯಿರಿ.

ಜ್ಞಾನಸಾಗರ: ಫಾರ್ವರ್ಡೆಡ್: ಪ್ಯಾಸಿವ್ ವಾಯ್ಸ್ ಬಳಸಲೇಬೇಡಿ! ‘ಅಂಡ್’ನಿಂದ ವಾಕ್ಯ ಶುರು ಮಾಡಬೇಡಿ! ಗ್ರಾಮರ್ ಆ್ಯಪ್‌ನಲ್ಲಿ 100 ಸ್ಕೋರ್ ಬಂದರೆ ಪುಸ್ತಕ ರೆಡಿ! 🙏

ಎಡಿಟರ್: ‘ದ ಡೇಟಾ ಈಸ್ ಎನ್ಕ್ರಿಪ್ಟೆಡ್’ ಪ್ಯಾಸಿವ್ವೇ, ತಪ್ಪೇನಿಲ್ಲ. ಯಾರು ಮಾಡಬೇಕು ಅನ್ನೋದು ಮುಖ್ಯವಾದಲ್ಲಿ ಮಾತ್ರ ಬೇಡ. ಪಂಪ್‌ಹೌಸ್ ಅವರ ವಾಕ್ಯಕ್ಕೂ ನಿಮ್ಮ ಆ್ಯಪ್ ಒಳ್ಳೆ ಸ್ಕೋರ್ ಕೊಡಬಹುದು. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಇಂಡೆಕ್ಸ್ ಬೇಕು: ಇಂಡೆಕ್ಸ್ ಲೇಖಕರು ಮಾಡಬೇಕಾ, ಪ್ರಕಾಶಕರಾ?

ಹುಬ್ಳಿ ಟೆಕ್ಕಿ: ‘ಕಲರ್’ ಸ್ಪೆಲ್ಲಿಂಗ್‌ಗೆ ‘ಯು’ ಬೇಕಾ ಮೇಡಂ?

ಮಲ್ನಾಡ್ ಕೋಡರ್: ಬೇಕೇಬೇಕು. ನಾವು ಓದಿದ್ದು ಬ್ರಿಟಿಷ್ ಇಂಗ್ಲಿಷ್.

ಹುಬ್ಳಿ ಟೆಕ್ಕಿ: ಬ್ರಿಟಿಷರು ಹೋಗಿ ಎಷ್ಟು ವರ್ಷ ಆಯ್ತು ಸರ್? ನಿಮ್ಮ ಪುಸ್ತಕ ಕೊಳ್ಳೋರು ಅಮೆರಿಕದವರು.

ಮಲ್ನಾಡ್ ಕೋಡರ್: ಹಾಗಾದ್ರೆ ‘ಲಕ್ಷ’, ‘ಕೋಟಿ’ನೂ ಬಿಡೋಣ, ಹೆಸರೂ ಬದಲಾಯಿಸಿಕೊಳ್ಳೋಣ.

ಹುಬ್ಳಿ ಟೆಕ್ಕಿ: ನಿಮ್ಮ ಹೆಸರಿನ ಸುದ್ದಿಗೆ ಯಾರ್ರೀ ಬಂದ್ರು?

ಎಡಿಟರ್: ಪ್ರಕಾಶಕರು ಹೇಳಿದ್ದು ಹಾಕಿ, ಇಡೀ ಪುಸ್ತಕಕ್ಕೆ ಒಂದೇ ಥರ. ವೆಬ್ ಪುಟದ ಬಣ್ಣ, ವಿನ್ಯಾಸ ಹೇಳುವ ಸಿಎಸ್‌ಎಸ್ ಕೋಡ್ ಒಳಗೆ ಮಾತ್ರ ‘ಯು’ ಸೇರಿಸಿದರೆ ಕೋಡ್ ನಡೆಯಲ್ಲ. ಹೊರ ದೇಶದ ಓದುಗರಿದ್ದರೆ ಲಕ್ಷ, ಕೋಟಿ ಬೇಡ. ಜಗಳ ಹೊರಗೆ.

ಜ್ಞಾನಸಾಗರ: ಎಐಗೆ ಕೊಟ್ರೆ ಎಲ್ಲಾ ಸರಿ ಮಾಡುತ್ತಲ್ವಾ? ಎಡಿಟರ್ ಯಾಕೆ?

ಎಡಿಟರ್: ಪಂಪ್ ವಾಕ್ಯದ ಆ ‘ಮೇ’ಯನ್ನು ಅದು ‘ಕ್ಯಾನ್’ ಮಾಡಿದರೆ ಹಿಡಿಯೋರು ಯಾರು?

ಪಂಪ್‌ಹೌಸ್: ಬಿಡಿಸಿದೆ ಮೇಡಂ. ಸಕ್ಷನ್ ವಾಲ್ವ್ ಮುಚ್ಚಿ. ಡಿಸ್ಚಾರ್ಜ್ ವಾಲ್ವ್ ಮುಚ್ಚಿ. ಡ್ರೈನ್ ವಾಲ್ವ್ ತೆರೆಯಿರಿ. ಗೇಜ್ ಸೊನ್ನೆಗೆ ಬಂತಾ ನೋಡಿ. ಕೇಸಿಂಗ್ ಬಿಚ್ಚಿ. ಇಂಗ್ಲಿಷಿನಲ್ಲಿ ಹೀಗೇ ಐದು ಸಣ್ಣ ವಾಕ್ಯ.

ವೈಂಡಿಂಗ್ ಅಕ್ಕ: ಅಣ್ಣಾ, ಮೋಟಾರ್ ಸಪ್ಲೈ ಆಫ್ ಮಾಡಿ ಲಾಕ್ ಹಾಕೋದು ಎಲ್ಲಿ?

ಎಡಿಟರ್: ನೋಡಿ, ಉದ್ದ ವಾಕ್ಯದಲ್ಲಿ ಈ ಹೆಜ್ಜೆ ಬಿಟ್ಟುಹೋಗಿದ್ದು ಯಾರಿಗೂ ಕಂಡಿರಲಿಲ್ಲ. ಅದನ್ನು ಮೊದಲ ಸಾಲಿಗೆ ಹಾಕಿ.

ಹೊಸ ಸದಸ್ಯ: ಮೇಡಂ, ‘ಎ’, ‘ಆ್ಯನ್’, ‘ದಿ’ ಬಗ್ಗೆ ಸ್ವಲ್ಪ ಹೇಳ್ತೀರಾ?

ಎಡಿಟರ್: ಮೇಲಿದೆ.

ಇಂಡೆಕ್ಸ್ ಬೇಕು: ನನ್ನ ಪ್ರಶ್ನೆ ಯಾರಿಗಾದ್ರೂ ಕಾಣ್ತಿದೆಯಾ?