ಮಳಿ ಹೋದಾಗ ಎಳಿ ಜೋಳ ದನಕ್ಕ ವಿಷ ಆಗೂದು ಯಾಕ? ವಿಷ ಇಲ್ಲದ ಜೋಳ ಬಂದದಂತ, ಖರೇನ್ರಿ?

ಎರಿಹೊಲ_ಇಂಡಿ
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಕಡೆ ಮುಂಗಾರಿ ನಡುವ ಮಳಿ ಕೈಕೊಟ್ಟು ಮೇವಿನ ಜೋಳ ಮೊಣಕಾಲ ಮಟ ಬಂದು ಬಾಡಿ ನಿಂತಿತ್ತು, ಆಮ್ಯಾಲೆ ಒಂದ್ ಮಳಿ ಆಗಿ ಬುಡದಾಗ ಹಸರ ಚಿಗುರು ಒಡೀತು. ಬಾಜು ಹೊಲದವರ ಆಕಳ ಹಗ್ಗ ಹರಕೊಂಡು ಬಂದು ಅದನ್ನ ಮೇದು ಸ್ವಲ್ಪ ಹೊತ್ತಿನಾಗ ತೇಕಾಕ ಹತ್ತಿ, ಬಾಯಾಗ ಬುರುಗು ಬಂದು, ಡಾಕ್ಟರ್ ಬರೂದ್ರಾಗ ಹೋಗೇ ಬಿಡ್ತು. ಭಾಳ ಸಂಕಟ ಆತು, ಹಾಲಿಂದ ಮನಿ ನಡಿಯೂ ಮಂದಿ ಅವರು. ಎಳಿ ಜೋಳಕ್ಕ ದನ ಬಿಡಬ್ಯಾಡ ಅಂತ ಹಿರ್ಯಾರು ಹೇಳತಿದ್ರು ಖರೆ, ಆದ್ರ ದಿನಾ ರೊಟ್ಟಿ ಮಾಡಿ ಉಣ್ಣೂ ಜೋಳದಾಗ ಈ ವಿಷ ಎಲ್ಲಿಂದ ಬರ್ತದ? ವಿಜ್ಞಾನಿಗಳು ವಿಷ ಇಲ್ಲದ ಜೋಳ ಮಾಡ್ಯಾರ ಅಂತ ಒಂದ್ ಕಡೆ ಓದಿದೆ, ಹಂಗಿದ್ರ ನಮಗ್ಯಾಕ ಬೀಜ ಸಿಗವಲ್ದು? ಗೊತ್ತಿದ್ದವರು ಹೇಳ್ರಿ.

ಡೋಣಿ_ದಂಡಿ
ನಮ್ಮಲ್ಲಿ ಹೂ ಬರೂ ತನಕ ಹಸಿ ಜೋಳ ಕೊಯ್ದು ಹಾಕೂದಿಲ್ರಿ. ಕೂಳಿ ಚಿಗುರಿದ ಹೊಲಕ್ಕಂತೂ ದನ ಬಿಡೂದ ಇಲ್ಲ, ಬೇಲಿ ಹಾಕ್ತೀವಿ.

ಸಸ್ಯಶಾಸ್ತ್ರ_ಬಾಗಲಕೋಟೆ
ನಾನು ಬಾಟನಿ ಓದಿದಾಂವ, ಸ್ವಲ್ಪ ಉದ್ದ ಆಗ್ತದ, ಓದ್ರಿ.

ಜೋಳದ ಎಲಿಯೊಳಗ ಧುರಿನ್ ಅಂತ ಒಂದ್ ವಸ್ತು ಇರ್ತದ. ಟೈರೋಸಿನ್ ಅನ್ನೂ ಅಮೈನೋ ಆಮ್ಲದಿಂದ ಗಿಡ ಅದನ್ನ ತಾನ ತಯಾರ ಮಾಡ್ತದ. ಧುರಿನ್ ಇದ್ದಲ್ಲೇ ಇದ್ರ ಏನೂ ತ್ರಾಸಿಲ್ಲ, ಅದು ಜೀವಕೋಶದ ಒಳಗಿನ ಚೀಲದಾಗ ಇರ್ತದ, ಅದನ್ನ ಒಡಿಯೂ ಕಿಣ್ವ ಬ್ಯಾರೆ ಕಡೆ ಇರ್ತದ, ಎರಡೂ ಕೂಡೂದಿಲ್ಲ. ದನ ಅಗದಾಗ ಎಲಿ ಜಜ್ಜಿ ಎರಡೂ ಕೂಡ್ತಾವ, ಆವಾಗ ಹೈಡ್ರೋಜನ್ ಸಯನೈಡ್ ಹೊರಗ ಬರ್ತದ. ಮೊಳಕಿ ತುದಿಯೊಳಗ ಒಣ ತೂಕದ 30% ತನಕ ಧುರಿನ್ ಇದ್ದದ್ದನ್ನ ಅಳತಿ ಮಾಡ್ಯಾರ್ರಿ, ಅದಕ್ಕ ಎಳಿದು ಅಷ್ಟು ಡೇಂಜರ್. ಗಿಡ ಬೆಳದಂಗ ಕಡಿಮಿ ಆಗ್ತದ, ಬರ ಬಿದ್ರ ಅಥವಾ ಯೂರಿಯಾ ಹೆಚ್ಚಾದ್ರ ಮತ್ತ ಏರ್ತದ. ಬಲಿತ ಕಾಳಿನಾಗ ಇರೂದಿಲ್ಲ ಅಂದ್ರೂ ನಡಿತದ, ರೊಟ್ಟಿಗೆ ಏನೂ ಚಿಂತಿ ಮಾಡಬ್ಯಾಡ್ರಿ.

ಇನ್ನ ವಿಷ ಇಲ್ಲದ ಜೋಳ ಅನ್ನೂದು ಖರೇನ ಅದ. ಆಸ್ಟ್ರೇಲಿಯಾದ ಮೊನಾಶ್ ಯುನಿವರ್ಸಿಟಿಯವರು ಇದ್ದ ತಂಡ 2012ರಾಗ ಪ್ರಕಟ ಮಾಡ್ತು, ಧುರಿನ್ ಮಾಡೂ ಮೊದಲನೇ ಕಿಣ್ವದ ಜೀನ್ ಒಳಗ ಒಂದ ಒಂದು ಬದಲಾವಣಿ ಆದ ಗಿಡ, ಎಲಿಯೊಳಗ ಸಯನೈಡ್ ಬರೂದ ಇಲ್ಲ. ಆದ್ರ ಆ ಗಿಡ ಸಣ್ಣದಿದ್ದಾಗ ಸ್ವಲ್ಪ ನಿಧಾನ ಬೆಳಿತದ. ನನಗ ಇದಕ್ಕಿಂತ ಮುಖ್ಯ ಅನ್ಸಿದ್ದು 2013ರ ಅಮೆರಿಕದ ಕೆಲಸ, ಪರ್ಡ್ಯೂ ಯುನಿವರ್ಸಿಟಿಯವರದು. ಅವರ ಗಿಡದಾಗ ಧುರಿನ್ ಇತ್ತು, ಅದನ್ನ ಒಡಿಯೂ ಕಿಣ್ವ ಕೆಟ್ಟಿತ್ತು, ಹಂಗಾಗಿ ಸಯನೈಡ್ ಲಗೂನ ಬರತಿದ್ದಿಲ್ಲ. ಫಾಲ್ ಆರ್ಮಿವರ್ಮ್ ಮುಂದ ಎರಡೂ ನಮೂನಿ ಎಲಿ ಇಟ್ರ ಹುಳ ಈ ಎಲೀನ ಹೆಚ್ಚು ತಿಂತು! 2018ರಾಗ ಕರ್ನಾಟಕಕ್ಕ ಬಂದು ಗೋವಿನಜೋಳ ಸುಳಿ ತಿಂದು ಹಾಕಿದ ಸೈನಿಕ ಹುಳ ಅಂತೀವಲ್ಲ, ಅದ ಇದು. ಅಂದ್ರ ದನಕ್ಕ ವಿಷ ಆಗಿದ್ದು ಬೆಳಿಗೆ ಕಾವಲು. ಪೂರ್ತಿ ತೆಗದ್ರ ಆಕಳ ಉಳಿತದ, ಹೊಲ ಹುಳದ ಬಾಯಿಗೆ ಹೋಗ್ತದ.

ಇನ್ನೊಂದು ಅದರ್ರಿ. ಧುರಿನ್ ಅಂದ್ರ ಗಿಡಕ್ಕ ನೈಟ್ರೋಜನ್ ಕೂಡಿಟ್ಟ ಗಂಟೂ ಹೌದು, ಬೇಕಾದಾಗ ಸಯನೈಡ್ ಹೊರಗ ಬಿಡದನ ಅದನ್ನ ಒಡದು ವಾಪಸ್ ತಗೊಳ್ಳೂ ದಾರಿ ಗಿಡಕ್ಕ ಅದ ಅಂತ ಡೆನ್ಮಾರ್ಕಿನವರು ತೋರಿಸ್ಯಾರ. ಬರಗಾಲದಾಗೂ ಎಲಿ ಹಸರ ಉಳಿಸಿಕೊಳ್ಳೂ ತಳಿಗಳನ್ನ ಪರೀಕ್ಷೆ ಮಾಡಿದಾಗ ಅವುಗಳ ಎಲಿಯೊಳಗ ಧುರಿನ್ ಜಾಸ್ತಿ ಕಂಡದ. ವಿಜಯಪುರದಂಥ ಜಿಲ್ಲಾಕ್ಕ, ಹಿಂಗಾರಿಗೆ ಎರಿ ಭೂಮಿ ಹಸಿ ಮ್ಯಾಲೆ ಮಾಲದಂಡಿ ಬೆಳಿಯೂ ಕಡೆ, ಈ ಮಾತು ಭಾಳ ದೊಡ್ಡದು. ಅದಕ್ಕ ಹಸಿ ಮೇವಿಗೆ ಬೆಳಿಯೂ ತಳಿಯೊಳಗ ಅಷ್ಟ ಕಡಿಮಿ ಮಾಡಿ, ಕಾಳಿನ ಜೋಳ ಇದ್ದಂಗ ಬಿಡಬೇಕು ಅನ್ನೂದು ನನ್ನ ಅಭಿಪ್ರಾಯ.

ದನದ_ಡಾಕ್ಟರ್_ಬೆಳಗಾವಿ
ಮ್ಯಾಲಿನವರು ಸರಿ ಹೇಳ್ಯಾರ. ಒಂದೆರಡು ಸೇರಸ್ತೀನಿ. ಸಯನೈಡ್ ಆದ ದನದ ವಸಡು ಕೆಂಪಗ ಹೊಳಿತಾವ, ಯಾಕಂದ್ರ ರಕ್ತದಾಗ ಆಕ್ಸಿಜನ್ ಇರ್ತದ, ಜೀವಕೋಶಕ್ಕ ಅದನ್ನ ಬಳಸಾಕ ಬರೂದಿಲ್ಲ. ಬರದಾಗ ಬಾಡಿದ ಜೋಳದಾಗ ನೈಟ್ರೇಟೂ ಕೂಡಿರ್ತದ, ಆ ವಿಷ ಆದ್ರ ರಕ್ತ ಚಾಕಲೇಟ್ ಬಣ್ಣಕ್ಕ ತಿರಗ್ತದ. ಇದನ್ನ ಯಾಕ ಹೇಳ್ತೀನಿ ಅಂದ್ರ ಸಯನೈಡಿಗೆ ನಾವು ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕ ಕೊಡ್ತೀವಿ, ಆದ್ರ ನೈಟ್ರೇಟ್ ವಿಷ ಆದ ದನಕ್ಕ ಅದ ನೈಟ್ರೈಟ್ ಕೊಟ್ರ ದನ ಸಾಯ್ತದ. ದಯಮಾಡಿ ಯಾರ್ದೋ ಮಾತು ಕೇಳಿ ನೀವ ಇಂಜೆಕ್ಷನ್ ಮಾಡಬ್ಯಾಡ್ರಿ, ಫೋನ್ ಮಾಡಿದಾಗ ಏನ್ ತಿಂದದ, ವಸಡಿನ ಬಣ್ಣ ಹೆಂಗದ ಅಂತ ಮೊದಲ ಹೇಳ್ರಿ. ಮತ್ತ ಅರ್ಧ ಬಾಡಿದ ಎಳಿ ಜೋಳ ಒಣಗೇತಿ ಅಂತ ತಿಳಕೊಂಡು ಹಾಕಬ್ಯಾಡ್ರಿ. ಬಲಿತ ಮ್ಯಾಲೆ ಕೊಯ್ದು ಕಡಕ್ ಒಣಗಿಸಿದ ಕಣಕಿಗೆ ಅಂಜಿಕಿ ಇಲ್ಲ.

ಎರಿಹೊಲ_ಇಂಡಿ
ಭಾಳ ಉಪಕಾರ ಆತ್ರಿ ಇಬ್ಬರಿಗೂ. ಒಂದ ಪ್ರಶ್ನೆ, ಆ ಆಸ್ಟ್ರೇಲಿಯಾದ್ದು ಬಿಟಿ ಹತ್ತಿ ಹಂಗ ಕುಲಾಂತರಿ ಏನ್ರಿ?

ಸಸ್ಯಶಾಸ್ತ್ರ_ಬಾಗಲಕೋಟೆ
ಅಲ್ಲರಿ. ಬ್ಯಾರೆ ಜೀವಿಯ ಜೀನ್ ಏನೂ ಹಾಕಿಲ್ಲ. ಬೀಜಕ್ಕ ಇಎಂಎಸ್ ಅನ್ನೂ ರಾಸಾಯನಿಕ ಕೊಟ್ಟು, ಹುಟ್ಟಿದ ಗಿಡದಾಗ ಬೇಕಾದ ಬದಲಾವಣಿ ಹುಡಕಿ ತಗದದ್ದು. ಆ ಗುಣಾನ ಸಾದಾ ಕ್ರಾಸಿಂಗ್ ಮಾಡಿ ನಮ್ಮ ಮೇವಿನ ತಳಿಗೆ ತರಾಕ ಬರ್ತದ. ನಿಮ್ಮ ಹಿಟ್ಟಿನಹಳ್ಳಿ ಕೃಷಿ ಸಂಶೋಧನಾ ಕೇಂದ್ರದಾಗ ಹಿಂಗಾರಿ ಜೋಳದ ಮ್ಯಾಲೆ ಕೆಲಸ ಮಾಡೂ ವಿಜ್ಞಾನಿಗಳು ಅದಾರ, ಮೇವಿನ ಜೋಳದಾಗ ಸಯನೈಡ್ ಕಡಿಮಿ ಇದ್ದ ತಳಿ ಯಾವುದು ಅಂತ ಬಿತ್ತೂಕಿಂತ ಮೊದಲ ಅಲ್ಲಿ ಹೋಗಿ ಕೇಳ್ರಿ.