ನೆಕ್ಕಿ ನೋಡೋ ಆಟ

“ಆಟ ನಂದು ಅಂತ ಹೇಳ್ಕೊಳ್ಳೋಕೆ ಇರೋದು ಒಂದೇ ಪರೀಕ್ಷೆ. ನೆಕ್ಕಿ ನೋಡಬೇಕು” ಅಂದ ಸೀನಣ್ಣ.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. “ಏನನ್ನ?”

“ಸ್ವಿಚ್ ಅನ್ನೋ ವಿಡಿಯೋ ಗೇಮ್ ಯಂತ್ರದ ಕಾರ್ಡನ್ನ ಮೇಷ್ಟ್ರೇ. ಮಕ್ಕಳು ನುಂಗಬಾರದು ಅಂತ ನಿಂಟೆಂಡೊದವರು ಅದಕ್ಕೆ ಡಿನಾಟೋನಿಯಂ ಬೆಂಜೊಯೇಟ್ ಬಳಿದಿರ್ತಾರೆ. ಮಹಾ ಕಹಿ. ನಾಲಿಗೆಗೆ ತಾಗಿದ್ರೆ ರಾತ್ರಿ ಊಟ ಸೇರಲ್ಲ. ಕಹಿ ಇದ್ರೆ ನಂದು ಅಂತ ಲೆಕ್ಕ. ಈ ಗುಂಡನ ಹತ್ರ ನಾನೂರು ಆಟ ಇದೆಯಂತೆ, ಒಂದನ್ನಾದ್ರೂ ನೆಕ್ಕಲಿ ನೋಡೋಣ.”

“ನನ್ನವೆಲ್ಲ ನೆಟ್ಟಲ್ಲಿ ಕೊಂಡವು, ಅಕೌಂಟಲ್ಲಿ ಭದ್ರವಾಗಿವೆ” ಅಂದ ಗುಂಡ. “ಧೂಳಿಲ್ಲ, ಬೀರು ಬೇಡ, ಮನೆ ಬದಲಾಯಿಸುವಾಗ ಡಬ್ಬ ಹೊರೋ ಕರ್ಮವಿಲ್ಲ. ಸೇಲ್‌ನಲ್ಲಿ ನೂರೈವತ್ತು ರೂಪಾಯಿಗೆ ಬರುತ್ತೆ. ನೀನು ಐದು ಸಾವಿರ ಕೊಟ್ಟು ನಾಲಿಗೆ ಕೆಡಿಸ್ಕೋ.”

ವನಜಕ್ಕ ತಲೆ ಎತ್ತಲಿಲ್ಲ. ಅವಳ ಮುಂದೆ ಸೀನಣ್ಣನದೇ ಪೋಕೆಮಾನ್ ಗೋಲ್ಡ್ ಕ್ಯಾಸೆಟ್ ಬಾಯಿ ತೆರೆದು ಮಲಗಿತ್ತು. ಸೋಲ್ಡರಿಂಗ್ ಐರನ್ ಕಾಯ್ತಾ ಇತ್ತು.

“ಕಹಿ ಇರೋದೆಲ್ಲ ನಿಂದಾದ್ರೆ ಸೀನಣ್ಣ, ಸ್ವಿಚ್ 2ಕ್ಕೆ ಗೇಮ್-ಕೀ ಕಾರ್ಡ್ ಅಂತ ಬಂದಿದೆಯಲ್ಲ, ಅದು ಯಾರದ್ದು?”

“ಅದೂ ಕಾರ್ಡೇ ತಾನೇ?”

“ಕಾರ್ಡೇ. ಒಳಗೆ ಆಟ ಮಾತ್ರ ಇಲ್ಲ, ಬೀಗದಕೈ ಇದೆ. ಮೊದಲ ಸಲ ಹಾಕಿದಾಗ ಇಡೀ ಆಟವನ್ನ ನೆಟ್‌ನಿಂದ ಇಳಿಸ್ಕೋಬೇಕು, ಆಮೇಲೆ ಆಡುವಾಗೆಲ್ಲ ಕಾರ್ಡನ್ನೂ ಸಿಕ್ಕಿಸಿರಬೇಕು. ಡೌನ್‌ಲೋಡಿನ ತಾಪತ್ರಯ, ಡಬ್ಬದ ತಾಪತ್ರಯ, ಎರಡೂ ಸೇರಿಸಿ ಮಾರ್ತಾರೆ. ಬೇವನ್ನ ನಿನ್ನ ಕೈಗೆ ಕೊಟ್ಟು ಬೆಲ್ಲ ಸರ್ವರಲ್ಲಿಟ್ಟಿದ್ದಾರೆ ಕಣಯ್ಯಾ.”

ಗುಂಡ ತೊಡೆ ತಟ್ಟಿಕೊಂಡು ನಕ್ಕ.

“ನೀನು ಜಾಸ್ತಿ ನಗಬೇಡ. ಆ ಕಾರ್ಡನ್ನ ಸೀನಣ್ಣ ನಾಳೆ ಯಾರಿಗಾದ್ರೂ ಮಾರಬಹುದು, ಭಾಮೈದನಿಗೆ ಎರವಲು ಕೊಡಬಹುದು. ನಿಂಗೆ ಅದೂ ಇಲ್ಲ. ನಿಂಟೆಂಡೊದ ಹಳೇ ಯಂತ್ರ 3ಡಿಎಸ್, ವೀ ಯು ಎರಡರ ನೆಟ್ ಅಂಗಡೀನೂ 2023ರ ಮಾರ್ಚ್ 27ಕ್ಕೆ ಮುಚ್ಚಿದ್ರು. ಎಕ್ಸ್‌ಬಾಕ್ಸ್ 360ದು 2024ರ ಜುಲೈ 29ಕ್ಕೆ.”

“ಮುಚ್ಚಿದ್ರೇನು, ಕೊಂಡಿದ್ದನ್ನ ಮತ್ತೆ ಇಳಿಸ್ಕೋಬಹುದಲ್ಲ?”

“ಸದ್ಯಕ್ಕೆ. ಆ ಸದ್ಯ ಎಲ್ಲೀವರೆಗೆ ಅಂತ ಅವರು ಬಾಯಿ ಬಿಡಲ್ಲ. ಪಿ.ಟಿ. ಕಥೆ ಗೊತ್ತಲ್ಲ? 2014ರ ಆಗಸ್ಟಲ್ಲಿ ಕೊನಾಮಿ ಕಂಪನಿಯವರು ಸೋನಿಯ ಪಿಎಸ್4 ಯಂತ್ರಕ್ಕೆ ಪುಕ್ಕಟೆ ಬಿಟ್ಟ ದೆವ್ವದ ಆಟ. ಮುಂದಿನ ಏಪ್ರಿಲಲ್ಲಿ ತೆಗೆದೇ ಬಿಟ್ರು. ಡಿಲೀಟ್ ಮಾಡಿಕೊಂಡವರಿಗೆ ಮತ್ತೆ ಇಳಿಸೋಕೂ ಸಿಗಲಿಲ್ಲ. ಆಟ ಒಳಗಿದೆ ಅನ್ನೋ ಒಂದೇ ಕಾರಣಕ್ಕೆ ಹಳೇ ಪಿಎಸ್4ಗಳು ಬೇಕಾಬಿಟ್ಟಿ ರೇಟಿಗೆ ಹೋದವು.”

“ಅದಕ್ಕೇ ನಾನು ಡಿಸ್ಕ್ ಅನ್ನೋದು” ಅಂತ ಸೀನಣ್ಣ ಎದೆ ಉಬ್ಬಿಸಿದ.

“ನಿನ್ನ ಬೀರುವಲ್ಲಿ ‘ದಿ ಕ್ರೂ’ ಡಿಸ್ಕ್ ಇದೆಯಲ್ಲ, ನೆಕ್ಕಿದ್ಯಾ?”

ಸೀನಣ್ಣನ ಎದೆ ಇಳೀತು. ಯೂಬಿಸಾಫ್ಟ್‌ನ ಆ ಕಾರು ಆಟಕ್ಕೆ ಒಬ್ಬರೇ ಆಡೋದಕ್ಕೂ ಸರ್ವರ್ ಬೇಕು. 2024ರ ಮಾರ್ಚ್ 31ಕ್ಕೆ ಸರ್ವರ್ ಆರಿಸಿದ ಮೇಲೆ ಡಿಸ್ಕು ಲೋಟ ಇಡೋ ಬಿಲ್ಲೆಯಾಯ್ತು. ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅನ್ನೋ ಚಳವಳಿ ಎದ್ದದ್ದು ಇದರ ಬೆನ್ನಲ್ಲೇ.

“2022ರ ಮಾಡರ್ನ್ ವಾರ್‌ಫೇರ್ 2 ತಗೋ” ಅಂತ ವನಜಕ್ಕ ಮುಂದುವರಿಸಿದಳು. “ಪಿಎಸ್5 ಡಿಸ್ಕಲ್ಲಿ ಇದ್ದದ್ದು ಬರೀ 70 ಎಂಬಿ ಚಿಲ್ಲರೆ. ಅದಕ್ಕಿಂತ ನಮ್ಮ ಮದುವೆ ಮನೆ ವಾಟ್ಸಾಪ್ ವಿಡಿಯೋ ದೊಡ್ಡದು. ಪೂರ್ತಿ ಆಟ ಹಾಕೋಕೆ ಆಗಲ್ಲ ಅಂತಲ್ಲ, ಸೈಬರ್‌ಪಂಕ್ 2077ನ ಸ್ವಿಚ್ 2ಕ್ಕೆ 64 ಜಿಬಿ ಕಾರ್ಡಲ್ಲಿ ಪೂರ್ತಿ ತುಂಬಿ ಕೊಟ್ಟರು. ದೊಡ್ಡ ಕಾರ್ಡಿಗೆ ದುಡ್ಡು ಬಿಚ್ಚಬೇಕು, ಅಷ್ಟೇ.”

ಮೇಷ್ಟ್ರಿಗೆ ಈಗ ಕುತೂಹಲ ಹತ್ತಿತು. “ಹಾಗಾದ್ರೆ ಹಳೇ ಆಟಗಳಲ್ಲಿ ಎಷ್ಟು ಉಳಿದಿವೆ?”

“ಅಮೆರಿಕದಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಅಂತ ಇದೆ. 2023ರಲ್ಲಿ ಅವರು ಲೆಕ್ಕ ಹಾಕಿದ್ರು. ಅಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ 100ಕ್ಕೆ 87 ಆಗಲೇ ಅಂಗಡೀಲಿ ಸಿಗ್ತಿರಲಿಲ್ಲ.”

“100ಕ್ಕೆ 13 ಮಾರ್ಕ್ಸು!” ಮೇಷ್ಟ್ರು ಹಣೆ ಒತ್ತಿಕೊಂಡರು. “ಗ್ರೇಸ್ ಹಾಕಿದ್ರೂ ಪಾಸಾಗಲ್ಲ.”

“ಅಯ್ಯೋ, ಈ ಕ್ಯಾಸೆಟ್ ಕಥೆ ಕೇಳಿ.” ವನಜಕ್ಕ ಇಕ್ಕಳದಲ್ಲಿ ಒಂದು ಬಿಲ್ಲೆ ಎತ್ತಿ ತೋರಿಸಿದಳು. “ಸಿಆರ್2025 ಸೆಲ್. ಸೇವ್, ಅಂದ್ರೆ ಆಟ ಎಲ್ಲೀವರೆಗೆ ಬಂತು ಅನ್ನೋ ದಾಖಲೆ, ಕೂತಿರೋದು ಎಸ್‌ರ‍್ಯಾಮಲ್ಲಿ. ಆ ಮೆಮರಿ ಚಿಪ್ಪಿಗೆ ಕರೆಂಟು ಹೋದ್ರೆ ಎಲ್ಲಾ ಮರೆತುಹೋಗುತ್ತೆ. ಗೋಲ್ಡ್‌ನಲ್ಲಿ ಗಡಿಯಾರ ಬೇರೆ ಓಡ್ತಾ ಇರುತ್ತೆ, ಸೆಲ್ ಇನ್ನೂ ಬೇಗ ಮುಗಿಯುತ್ತೆ. ಈ ಸೆಲ್ ಕಿತ್ತ ಕ್ಷಣ ಸೀನಣ್ಣನ ಬಾಲ್ಯ ಖಲಾಸ್.”

“ಕಿತ್ತೇ ಬಿಟ್ಯಾ?” ಸೀನಣ್ಣ ಕುರ್ಚಿಯಿಂದ ಎದ್ದ.

“ಕೂತ್ಕೋ. ಮೊದಲು ಕಾರ್ಟ್ರಿಜ್ ರೀಡರಿಗೆ ಹಾಕಿ ಸೇವ್ ತೆಗೆದಿಟ್ಟಿದ್ದೀನಿ. 32 ಕೆಬಿ. ನಿನ್ನ ಬಾಲ್ಯದ ತೂಕ ಅಷ್ಟೇ.”

ಆಮೇಲೆ ಅವಳು ಮಾಡಿದ್ದನ್ನ ಮೂವರೂ ಬಗ್ಗಿ ನೋಡಿದರು. ಈ ಕ್ಯಾಸೆಟ್‌ನ ಸ್ಕ್ರೂ ಮಾಮೂಲಿ ಸ್ಕ್ರೂಡ್ರೈವರಿಗೆ ಬಗ್ಗಲ್ಲ, 3.8 ಮಿ.ಮೀ. ಗೇಮ್‌ಬಿಟ್ ಬೇಕು. ಹಳೇ ಬೆಸುಗೆ ಒಣಗಿರುತ್ತೆ, ಅದರ ಮೇಲೆ ಚೂರು ಹೊಸ ಸೀಸ ಕರಗಿಸಿದರೆ ತಗಡಿನ ಕಾಲು ತಾನಾಗಿ ಎದ್ದು ಬರುತ್ತೆ. ಎಳೆದರೆ ಬೋರ್ಡಿನ ತಾಮ್ರವೇ ಕಿತ್ತು ಬರುತ್ತೆ. ಹೊಸ ಸೆಲ್ಲಿಗೆ ಕಾಲು ಮೊದಲೇ ವೆಲ್ಡ್ ಆಗಿರೋದನ್ನೇ ತರಬೇಕು. ಬರೀ ಬಿಲ್ಲೆಗೆ ಐರನ್ ಇಟ್ಟರೆ ಬಿಸಿಗೆ ಒಳಗೇ ಕೆಡುತ್ತೆ, ಸಿಡಿದರೂ ಸಿಡೀತು. ಟೇಪ್ ಸುತ್ತೋರು ಇದ್ದಾರೆ. ಕ್ಯಾಸೆಟ್ ಒಂದು ಸಲ ಕೆಳಗೆ ಬಿದ್ದು ಸೆಲ್ ಅಲುಗಾಡಿದರೆ ಮತ್ತೆ ಮೊದಲಿಂದ ಶುರು. ಪ್ಲಸ್ಸು ಮೈನಸ್ಸು ಬೋರ್ಡಿನ ಮೇಲೇ ಬರೆದಿರುತ್ತೆ. ಆದ್ರೂ ಉಲ್ಟಾ ಹಾಕೋರು ಹಾಕ್ತಾರೆ.

“ಈ ಗೋಳೆಲ್ಲ ಡಿಜಿಟಲ್ಲಲ್ಲಿ ಇಲ್ಲ” ಅಂದ ಗುಂಡ.

“ನಿನ್ನ ಪಿಎಸ್4ನ ಹೊಟ್ಟೇಲೂ ಒಂದು ಸಿಆರ್2032 ಇದೆ. ಅದು ಸತ್ತು, ನೆಟ್ಟೂ ಇಲ್ಲ ಅಂದ್ರೆ ಡಿಸ್ಕ್ ಹಾಕಿದ್ರೂ ಆಟ ತೆರೀತಿರಲಿಲ್ಲ. ಜನ ಬೊಬ್ಬೆ ಹೊಡೆದ ಮೇಲೆ 2021ರ ಸೆಪ್ಟೆಂಬರಲ್ಲಿ 9.00 ಅಪ್‌ಡೇಟಲ್ಲಿ ಸರಿ ಮಾಡಿದ್ರು. ನಿಂದು ಅಪ್‌ಡೇಟ್ ಆಗಿದೆಯಾ?”

ಗುಂಡ ಬಿಸ್ಕತ್ತಿಗೆ ಕೈ ಹಾಕಿದ.

“ಸಿ.ಡಿ.ಗಾದ್ರೂ ಬಾಳಿಕೆ ಇದೆಯೇನಮ್ಮಾ?” ಅಂದರು ಮೇಷ್ಟ್ರು.

“ಒರೆಸೋರ ಕೈಲಿದೆ. ಎಲ್ಲರೂ ಕೆಳಗಡೆ ಹೊಳೆಯೋ ಮುಖವನ್ನೇ ಕಾಪಾಡ್ತಾರೆ. ಸಿ.ಡಿ.ಯ ಡೇಟಾ ಪದರ ಇರೋದು ಮೇಲುಗಡೆ, ಲೇಬಲ್ ಕೆಳಗೆ, ತೆಳ್ಳನೆ ವಾರ್ನಿಷ್ ಮರೆಯಲ್ಲಿ. ಕೆಳಗೆ ಗೀರಿದ್ರೆ ಪಾಲಿಶ್ ಮಾಡಿಸಬಹುದು, ಮೇಲೆ ಗೀರಿದ್ರೆ ಎಳ್ಳು ನೀರು. ಡಿ.ವಿ.ಡಿ.ಲಿ ಪದರ ನಡುವೆ ಇರುತ್ತೆ, ಎರಡು ಕಡೆನೂ 0.6 ಮಿ.ಮೀ. ಬ್ಲೂ-ರೇನಲ್ಲಿ ಓದೋ ಕಡೆಯಿಂದ ಬರೀ 0.1. ಒರೆಸೋದಾದ್ರೆ ನಡುವಿನಿಂದ ಅಂಚಿಗೆ. ದುಂಡಗೆ ಉಜ್ಜಿದ್ರೆ ಗೀರು ಡೇಟಾದ ಜೊತೇಲೇ ಸುತ್ತು ಹೊಡೆಯುತ್ತೆ, ಡ್ರೈವಿಗೆ ತಿದ್ದಿಕೊಳ್ಳೋಕೆ ಆಗಲ್ಲ. ಇನ್ನು ಮನೇಲಿ ಬರ್ನ್ ಮಾಡಿದ್ದು ಇದ್ರೆ ಇವತ್ತೇ ಕಾಪಿ ತೆಗೆದಿಡಿ. ಅದರಲ್ಲಿ ಡೇಟಾ ಹಿಡಿದಿಡೋ ಬಣ್ಣ ಮಾಸುತ್ತೆ.”

“ನಾವು ಟಿವಿ ಗೇಮ್ ಕ್ಯಾಸೆಟ್ ಊದಿ ಊದಿ ಆಡಿಸ್ತಿದ್ವಿ” ಅಂತ ಸೀನಣ್ಣ ಬಾಯಿ ಸೊಟ್ಟ ಮಾಡಿ ಊದಿ ತೋರಿಸಿದ. “9999 ಇನ್ 1!”

“ಅದರಲ್ಲಿ ಹತ್ತಿಪ್ಪತ್ತು ಆಟ, ಮಿಕ್ಕಿದ್ದೆಲ್ಲ ಹೆಸರು ಬದಲಾಯಿಸಿದ ಅವೇ. ಊದಿದ್ದರಿಂದ ನಡೆದದ್ದಲ್ಲಪ್ಪ, ತೆಗೆದು ಮತ್ತೆ ಸಿಕ್ಕಿಸಿದ್ದರಿಂದ ಪಿನ್ನು ಕೂತದ್ದು. ನಿನ್ನ ಎಂಜಲಿಗೆ ಪಿನ್ನು ಕಿಲುಬು ಹಿಡೀತು ಅಷ್ಟೇ. ಕಿವಿ ಕಡ್ಡೀಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಬೇಕಿತ್ತು.”

“ನೆಕ್ಕೋದೂ ತಪ್ಪು, ಊದೋದೂ ತಪ್ಪು. ಏನು ಮಾಡ್ಲಿ ಹೇಳು ಹಾಗಾದ್ರೆ.”

“ರೌಟರ್ ಆಫ್ ಮಾಡು. ಕನ್ಸೋಲಲ್ಲಿ ಆ ಆಟದ ಇನ್‌ಸ್ಟಾಲನ್ನೂ ಅಪ್‌ಡೇಟನ್ನೂ ಅಳಿಸು, ಸೇವ್ ಮುಟ್ಟಬೇಡ. ಡಿಸ್ಕಿಂದ ಹೊಸದಾಗಿ ಹಾಕಿ ಎರಡನೇ ಹಂತ ದಾಟೋ ತನಕ ಆಡು. ಆಡಿದ್ರೆ ಆಟ ಡಬ್ಬದಲ್ಲಿದೆ, ಇಲ್ಲದಿದ್ರೆ ನಿನ್ನ ಹತ್ರ ಇರೋದು ಡಬ್ಬ. ಗುಂಡ, ನೀನು ಜಿಒಜಿ ಅನ್ನೋ ನೆಟ್ ಅಂಗಡೀಲಿ ಕೊಂಡಿರೋದಕ್ಕೆ ಆಫ್‌ಲೈನ್ ಇನ್‌ಸ್ಟಾಲರ್ ಕೊಡ್ತಾರೆ, ಬೀಗ ಇರಲ್ಲ. ಇಳಿಸಿ ಎರಡು ಹಾರ್ಡ್‌ಡಿಸ್ಕಿಗೆ ಹಾಕು, ಒಂದು ನಿಮ್ಮಮ್ಮನ ಮನೇಲಿರಲಿ. ವರ್ಷಕ್ಕೊಂದು ಸಲ ಚೆಕ್‌ಸಮ್ ತಾಳೆ ನೋಡು, ಫೈಲು ಕೆಟ್ಟಿದ್ರೆ ಗೊತ್ತಾಗುತ್ತೆ. ಇದಿಷ್ಟು ಮಾಡಿದೋನು ಡಿಜಿಟಲ್ ಆದ್ರೂ ಒಂದೇ, ಡಬ್ಬ ಆದ್ರೂ ಒಂದೇ.”

“ನಮ್ಮ ದೇಶದ್ದು ಏನಾದ್ರೂ ಉಳಿದಿದೆಯೇ?”

“2009ರಲ್ಲಿ ಹೈದರಾಬಾದಿನವರು ‘ಹನುಮಾನ್: ಬಾಯ್ ವಾರಿಯರ್’ ಅಂತ ಪಿಎಸ್2ಕ್ಕೆ ಮಾಡಿದ್ರು. ಆಟ ಅಷ್ಟಕ್ಕಷ್ಟೆ. ಆದ್ರೆ ಡಿಸ್ಕ್ ಹಾಕಿದ್ರೆ ಇವತ್ತೂ ಗದೆ ಬೀಸ್ತಾನೆ, ಯಾರ ಸರ್ವರನ್ನೂ ಕೇಳಲ್ಲ. ನೋಕಿಯಾಲಿ ಆಡಿದ ಜಾವಾ ಆಟಗಳ ಗತಿ ನೋಡಿ. ಫೋನನ್ನ ಪಾತ್ರೆಯೋನಿಗೆ ಹಾಕಿದ್ವಿ, ಆಟ ಇದ್ದ ಜಾರ್ ಫೈಲೂ ಜೊತೇಲೇ ಹೋಯ್ತು.”

ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಸ್ಕೂಲು ತಪ್ಪಿಸಿ ಸೈಬರ್ ಕೆಫೆಗೆ ಹೋಗೋ ಹುಡುಗರನ್ನ ಹಿಡಿಯೋಕೆ ನಾನೇ ಹೋಗ್ತಿದ್ದೆ. ಏನು ಆಡ್ತಿದ್ರೋ ನಂಗೆ ತಿಳೀದು. ಯಾರು ಯಾವ ಕುರ್ಚೀಲಿ ಕೂತು ಯಾರನ್ನ ಬೈತಿದ್ರು ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನ ಎಲ್ಲಿ ಕಾಪಿ ಮಾಡ್ತೀಯಮ್ಮ?”

“ಅದಕ್ಕೆ ರೀಡರ್ ಬಂದಿಲ್ಲ ಮೇಷ್ಟ್ರೇ” ಅಂದಳು ವನಜಕ್ಕ. ಈ ಸಲ ತಲೆ ಎತ್ತಿ ಅಂದಳು.

ಸೀನಣ್ಣ ಚೀಲದಿಂದ ಹೊಸ ಡಬ್ಬ ತೆಗೆದ. ಷಡ್ಡಕ ದುಬೈನಿಂದ ತಂದದ್ದು, ಪ್ಲಾಸ್ಟಿಕ್ ಸುತ್ತು ಇನ್ನೂ ಬಿಚ್ಚಿರಲಿಲ್ಲ. “ಇದು ಪೂರ್ತಿ ಆಟವೋ ಕೀ-ಕಾರ್ಡೋ?”

“ಮುಂದುಗಡೆ ತಳದಲ್ಲಿ ಪಟ್ಟಿ ಹಾಕಿ ಬರೆದಿರ್ತಾರೆ, ನೋಡು.”

“ಅಲ್ಲೇ ಅಂಗಡಿಯವನು ರೇಟಿನ ಸ್ಟಿಕರ್ ಅಂಟಿಸಿದ್ದಾನೆ.”

“ಕಿತ್ತು ನೋಡು.”

“ಪ್ಲಾಸ್ಟಿಕ್ ಹರಿಯುತ್ತೆ ಕಣೇ. ಸೀಲ್ ಹೋದ್ರೆ ರೇಟು ಬಿದ್ದುಹೋಗುತ್ತೆ.”

“ಹಾಗಾದ್ರೆ ಸ್ಟಿಕರ್ರೇ ನೆಕ್ಕು” ಅಂದ ಗುಂಡ.