ಸರ್ವೆ ಕಮಿಷನರ್ ಅರ್ಜಿ ವಜಾ ಆಗಿದೆ, ಹೈಕೋರ್ಟಿಗೆ ಹೋದವರು ಅನುಭವ ಹೇಳಿ

ಹೊಸ ಕಕ್ಷಿದಾರ: ಪಕ್ಕದ ಹೊಲದವರು ನಮ್ಮ ಪೂರ್ವದ ಬದುವನ್ನು ಒತ್ತಿಕೊಂಡಿದ್ದಾರೆ. ಹದ್ದುಬಸ್ತು (ಸರ್ಕಾರಿ ಸರ್ವೇಯರಿಂದ ಗಡಿ ಅಳತೆ) ಮಾಡಿಸಿದೆವು, ಆ ನಕ್ಷೆಯನ್ನು ಅವರು ಒಪ್ಪುತ್ತಿಲ್ಲ. ದಾವೆಯಲ್ಲಿ ಸರ್ವೇಯರನ್ನು ಕೋರ್ಟ್ ಕಮಿಷನರ್ ಆಗಿ, ಅಂದರೆ ಸ್ಥಳ ಅಳೆದು ಕೋರ್ಟಿಗೆ ವರದಿ ಕೊಡುವವರಾಗಿ, ನೇಮಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 26, ನಿಯಮ 9ರ ಅರ್ಜಿ ಹಾಕಿದ್ದೆವು. ಸಾಕ್ಷ್ಯ ಸಂಗ್ರಹಕ್ಕೆ ಕಮಿಷನರನ್ನು ಕಳುಹಿಸಲಾಗದು ಎಂದು ವಜಾ ಆಯಿತು. ಸಾಕ್ಷಿ ವಿಚಾರಣೆ ಇನ್ನೂ ಶುರುವಾಗಿಲ್ಲ. ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗುವುದೋ, ಸುಮ್ಮನಿರುವುದೋ?

ಬೇಲಿಯಂಚು: ಹೋಗಿ. ನಾನು ಧಾರವಾಡ ಪೀಠಕ್ಕೆ ಹೋದೆ, ಕೆಳಗಿನ ಆದೇಶ ರದ್ದಾಯಿತು. ನಮ್ಮ ವಕೀಲರು ಹಿಡಿದದ್ದು ಹರಿಯಾಣ ವಕ್ಫ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಕೊಟ್ಟ ತೀರ್ಪನ್ನು. ಜಗಳವೇ ಗಡಿ ಗುರುತಿನದ್ದಾದರೆ ಕಮಿಷನರನ್ನು ನೇಮಿಸಬೇಕು ಎಂಬುದು ಅದರ ತಿರುಳು. ಖರ್ಚು ಬರೆದಿಟ್ಟಿದ್ದೇನೆ: ವಕೀಲರಿಗೆ 40,000 ರೂಪಾಯಿ, ಕೈಬರಹದ ದಾಖಲೆಗಳ ಬೆರಳಚ್ಚಿಗೆ 2,800, ದೃಢೀಕೃತ ನಕಲುಗಳಿಗೆ 900. ಪಹಣಿಯ ಒಂದು ಪುಟ ಮಸುಕಾಗಿದೆ ಎಂದು ಕಚೇರಿ ಆಕ್ಷೇಪಣೆ ಬಂತು, ಇಡೀ ಕಟ್ಟಿಗೆ ಮತ್ತೆ ಜೆರಾಕ್ಸ್, 650. ಎದುರಾಳಿಗಳು ನೋಟಿಸ್ ಬಂದಾಗಲೆಲ್ಲ ಬಾಗಿಲು ಹಾಕಿಕೊಂಡರು, ಅದರ ಖರ್ಚು ಬೇರೆ. ಆಮೇಲೆ ಕಮಿಷನರ್ ಶುಲ್ಕ 10,000, ಅವರ ಕಾರು, ಜೊತೆಗೆ ಬಂದವರ ಊಟ. ಬೇಸರವಿಲ್ಲ. ಸುಮ್ಮನೆ ಕೂತಿದ್ದರೆ ನಮ್ಮ ಹುಣಸೆಮರ ಇಂದು ಅವರ ಬೇಲಿಯೊಳಗೆ ಇರುತ್ತಿತ್ತು.

ಮೂರನೇ ತಲೆಮಾರು: ಗೆದ್ದವರ ಕಥೆ ಕೇಳಲು ಚೆನ್ನಾಗಿರುತ್ತದೆ. ನಾವೂ ಬೆಂಗಳೂರಿನಲ್ಲಿ ಜಿಎಂ-ಸಿಪಿಸಿ ವರ್ಗದ ರಿಟ್, ಅಂದರೆ ಇದೇ 227ರ ಅರ್ಜಿ, ಹಾಕಿದೆವು. 227 ಎಂದರೆ ಮೇಲ್ಮನವಿಯಲ್ಲ, ಮೇಲ್ವಿಚಾರಣೆ ಮಾತ್ರ. ಕೆಳಗಿನ ನ್ಯಾಯಾಧೀಶರ ವಿವೇಚನೆಯಲ್ಲಿ ಕೈಹಾಕುವಂಥದ್ದೇನೂ ಕಾಣುತ್ತಿಲ್ಲ ಎಂದು ಒಂದೂವರೆ ಪುಟದಲ್ಲಿ ಮುಗಿಸಿದರು. ಆ ಒಂದೂವರೆ ಪುಟಕ್ಕೆ 70,000 ತೆತ್ತೆವು, ಅದರಲ್ಲಿ ಅರ್ಧ ಬಡ್ಡಿಗೆ ತಂದ ಸಾಲ. ರಿಟ್ ಹಾಕಿದ ಮಾತ್ರಕ್ಕೆ ವಿಚಾರಣೆ ನಿಲ್ಲುವುದಿಲ್ಲ, ತಡೆಯಾಜ್ಞೆಯೂ ಸಿಗಲಿಲ್ಲ. ಆದರೆ ಹೈಕೋರ್ಟಿನಲ್ಲಿ ಬಾಕಿ ಇದೆ ಎಂಬ ನೆಪದಲ್ಲಿ ಎದುರು ವಕೀಲರು ಕೆಳಗಿನ ನ್ಯಾಯಾಲಯದಲ್ಲಿ ವಾಯಿದೆಯ ಮೇಲೆ ವಾಯಿದೆ ತೆಗೆದುಕೊಂಡರು. ಅಷ್ಟರಲ್ಲಿ ಕಲ್ಲು ಕಂಬ ಎದ್ದು ನಿಂತವು. ಬೇಲಿಯಂಚು ಅವರೇ, ಹುಣಸೆಮರ ಇರಲಿ, ಮೂಲ ದಾವೆ ಏನಾಯಿತು ಹೇಳಿ.

ಬೇಲಿಯಂಚು: ಅಂತಿಮ ವಾದದ ಹಂತದಲ್ಲಿದೆ. ನಿಮ್ಮ ವಕೀಲರು ಸರಿಯಾಗಿ ವಾದಿಸದಿದ್ದರೆ ಅದು ನನ್ನ ತಪ್ಪೇ?

ಮೂರನೇ ತಲೆಮಾರು: ಅಂದರೆ ಇನ್ನೂ ಗೆದ್ದಿಲ್ಲ. ಅಷ್ಟು ಹೇಳಿದರೆ ಸಾಕಿತ್ತು.

ತೆಂಗಿನ ತೋಟ: ನಾನು ಎಲ್ಲಿಗೂ ಹೋಗಲಿಲ್ಲ. ನನ್ನ ಅರ್ಜಿ ವಜಾ ಆದದ್ದು ಇದು ಅದಕ್ಕೆ ತಕ್ಕ ಹಂತವಲ್ಲ ಎಂಬ ಕಾರಣಕ್ಕೆ. ಎರಡೂ ಕಡೆಯ ಸಾಕ್ಷ್ಯ ಮುಗಿಯಲಿ ಎಂದು ಕಾದೆ. ಪಾಟಿಸವಾಲಿನಲ್ಲಿ ಪ್ರತಿವಾದಿಯ ಬಾಯಿಂದಲೇ ‘ಗಡಿ ಎಲ್ಲಿದೆಯೋ ಅಳೆಯದೆ ಹೇಳಲಾರೆ’ ಎಂಬ ಮಾತು ಹೊರಬಂತು. ಅದನ್ನೇ ಆಧಾರ ಮಾಡಿ ಮತ್ತೆ ಅರ್ಜಿ ಹಾಕಿದೆವು, ಮಂಜೂರಾಯಿತು. ಹೈಕೋರ್ಟ್ ಖರ್ಚು ಸೊನ್ನೆ. ಎರಡು ಗುಂಟೆಗೆ ಲಕ್ಷ ಸುರಿಯುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಬೇಲಿಯಂಚು: ತೋಟವಿದ್ದವರಿಗೆ ಎರಡು ಗುಂಟೆ ನಗುವ ವಿಷಯ. ನಮಗೆ ಇರುವುದೇ ಹನ್ನೆರಡು ಗುಂಟೆ, ಯಜಮಾನರೇ.

ಕಂದಾಯ ನಿವೃತ್ತ: ಇಷ್ಟೆಲ್ಲ ಏಕೆ? ಸಿಪಿಸಿಯ 115ನೇ ಕಲಮಿನಡಿ ಪುನರೀಕ್ಷಣಾ ಅರ್ಜಿ ಹಾಕಿ. ತಡೆಯಾಜ್ಞೆ ಎದುರಾಳಿಗೆ ಸಿಕ್ಕರೂ ಹೆದರಬೇಡಿ, ಆರು ತಿಂಗಳಿಗೆ ತಾನೇ ಬಿದ್ದುಹೋಗುತ್ತದೆ.

ಕಪ್ಪು ಕೋಟು: ಎರಡೂ ಹಳೆಯ ಮಾತು, ಸರ್. 2002ರ ಜುಲೈ 1ರಿಂದ 115ರ ಬಾಗಿಲು ಕಿರಿದಾಗಿದೆ. ಪ್ರಶ್ನಿಸುವ ಆದೇಶ ಅರ್ಜಿದಾರರ ಪರವಾಗಿ ಬಂದಿದ್ದರೆ ದಾವೆಯೇ ಮುಗಿಯುತ್ತಿತ್ತು ಎನ್ನುವಂತಿರಬೇಕು. ಕಮಿಷನರ್ ನೇಮಕದಿಂದ ಯಾವ ದಾವೆ ಮುಗಿಯುತ್ತದೆ? ಆರು ತಿಂಗಳ ಮಾತು ಸುಪ್ರೀಂ ಕೋರ್ಟಿನ 2018ರ ತೀರ್ಪಿನದು. ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರುವರಿ 29ರಂದು ಅದನ್ನು ತೆಗೆದುಹಾಕಿದೆ. ತಾತ್ಕಾಲಿಕ ನಿರ್ಬಂಧಕಾಜ್ಞೆಯ ಆದೇಶವಾದರೆ ಆದೇಶ 43ರಡಿ ಮೇಲ್ಮನವಿ ಇದೆ, ಇದಕ್ಕೆ ಅದೂ ಇಲ್ಲ. ಸುಮ್ಮನಿದ್ದರೆ ಎಲ್ಲ ಮುಳುಗಿತು ಎಂದೂ ಅಲ್ಲ. ದಾವೆ ಸೋತರೆ ಅಂತಿಮ ಮೇಲ್ಮನವಿಯಲ್ಲಿ ಈ ವಜಾ ಆದೇಶದ ತಪ್ಪನ್ನು 105ನೇ ಕಲಮಿನಡಿ ಎತ್ತಬಹುದು.

ಕಂದಾಯ ನಿವೃತ್ತ: ನೀವು ಹುಟ್ಟುವ ಮೊದಲೇ ನಾನು ಗಡಿಯ ಬಾಂದುಕಲ್ಲು ನೆಡಿಸಿದ್ದೇನೆ. ಆಗ 33 ಅಡಿಯ ಸರಪಳಿ, ಅದರಲ್ಲಿ ಆಣೆ ಎಂಬ ಹದಿನಾರು ಭಾಗ, ಜಗಳವೇ ಇರಲಿಲ್ಲ. ಈಗಿನವರು ಕೋಲಿನ ಮೇಲೆ ಯಂತ್ರ ಸಿಕ್ಕಿಸಿ ಮೊಬೈಲ್ ನೋಡುತ್ತ ಅಳೆಯುತ್ತಾರೆ.

ತೆಂಗಿನ ತೋಟ: ಜಗಳ ಇರಲಿಲ್ಲವೇ? ನಮ್ಮ ಸರ್ವೆ ಟಿಪ್ಪಣಿಯಲ್ಲೊಂದು ವಿಸ್ತೀರ್ಣ, ಆಕಾರಬಂದಿನಲ್ಲಿ (ವಿಸ್ತೀರ್ಣ, ಕಂದಾಯದ ದಾಖಲೆ) ಇನ್ನೊಂದು. ಪೋಡಿ (ಹಿಸ್ಸೆ ಅಳೆದು ಬೇರ್ಪಡಿಸುವುದು) ಆಗದೆ ಬಿದ್ದಿರುವ ಜಮೀನೆಲ್ಲ ನಿಮ್ಮ ಸರಪಳಿಯ ಕಾಲದ್ದೇ.

ಕಂದಾಯ ನಿವೃತ್ತ: ಬದು ಉತ್ತು ಕಲ್ಲು ಕಿತ್ತವರು ರೈತರು, ಸರಪಳಿಯಲ್ಲ.

ಹೊಸ ಕಕ್ಷಿದಾರ: ಹಿರಿಯರೇ, ನನ್ನ ಪ್ರಶ್ನೆ ಹಾಗೇ ಉಳಿದಿದೆ.

ಕಪ್ಪು ಕೋಟು: ವಜಾ ಆದೇಶದ ದೃಢೀಕೃತ ಪ್ರತಿ ತೆಗೆದು ಕಾರಣ ಓದಿ. ಹಂತ ಬಂದಿಲ್ಲ ಎಂದಿದ್ದರೆ ತೋಟದವರ ದಾರಿ ಹಿಡಿಯಿರಿ. ಕಮಿಷನರೇ ಬೇಡ ಎಂದು ಖಡಾಖಂಡಿತ ಬರೆದಿದ್ದರೆ ರಿಟ್. 227ಕ್ಕೆ ಕಾಲಮಿತಿ ಬರೆದಿಲ್ಲವೆಂದು ವರ್ಷ ಕಳೆಯಬೇಡಿ, ವಿಳಂಬ ಏಕೆಂದು ಕೇಳಿಯೇ ಕೇಳುತ್ತಾರೆ.

ಮೂರನೇ ತಲೆಮಾರು: ಕಮಿಷನರ್ ಬಂದರೂ ಮುಗಿಯಲಿಲ್ಲ. ವರದಿಗೆ ಎದುರಾಳಿ ಆಕ್ಷೇಪಣೆ ಹಾಕುತ್ತಾರೆ, ಅದೇ ಆದೇಶ 26ರ ನಿಯಮ 10ರಡಿ ಕಮಿಷನರನ್ನೇ ಸಾಕ್ಷಿಕಟ್ಟೆಗೆ ಕರೆಸುತ್ತಾರೆ. ಆ ವಾಯಿದೆಗಳ ಭತ್ಯವನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೇಲಿಯಂಚು ಅವರು ಆ ಬಾಬತ್ತು ಬರೆದೇ ಇಲ್ಲ.

ಬೇಲಿಯಂಚು: 1,500. ಬರೆದೆ, ಸಾಕೇ?